ಕತ್ತರಿಯಮ್ಮ ಕಟ್ಟಿದ ಗಂಟು

ಆಫೀಸಿನಲ್ಲಿ ಎಲ್ಲರೂ ಅವಳನ್ನು ಕತ್ತರಿಯಮ್ಮ ಎಂದೇ ಕರೆಯುತ್ತಿದ್ದರು. ಸುಮ್ಮನೆ ಬಂದ ಹೆಸರಲ್ಲ. ರಕ್ತದಾನಿಗಳ ವೆಬ್‌ಸೈಟು ಮೊದಲು ಒಂದೇ ದೊಡ್ಡ ಪ್ರೋಗ್ರಾಮಾಗಿತ್ತು. ಎಲ್ಲೋ ಒಂದು ಮೂಲೆ ಕೆಮ್ಮಿದರೆ ಇಡೀ ಸೈಟೇ ಹಾಸಿಗೆ ಹಿಡಿಯುತ್ತಿತ್ತು. ಅದನ್ನು ಕತ್ತರಿಸಿ ಚಿಕ್ಕ ಚಿಕ್ಕ ಸರ್ವಿಸುಗಳನ್ನಾಗಿ ಮಾಡಿದವಳು ಇವಳು. ದಾನಿಗಳನ್ನು ಹುಡುಕುವುದು ಒಂದು, ಅವರಿಗೆ ಮೆಸೇಜು ಕಳಿಸುವುದು ಇನ್ನೊಂದು, ಕೊಟ್ಟವರಿಗೆ ಸರ್ಟಿಫಿಕೇಟು ಮಾಡುವುದು ಮತ್ತೊಂದು. ಒಂದು ಬಿದ್ದರೂ ಉಳಿದವು ನಡೆಯುತ್ತಿರಬೇಕು, ಅದೇ ಅವಳ ಹಟ.

ಆ ಬೆಳಿಗ್ಗೆ ಭಾವನ ಫೋನು ಬಂತು. ಅಕ್ಕನಿಗೆ ಹೆರಿಗೆಯಾಗಿತ್ತು, ಮಗು ಚೆನ್ನಾಗಿತ್ತು. ಆದರೆ ಅಕ್ಕನಿಗೆ ತುಂಬಾ ರಕ್ತ ಹೋಗಿತ್ತು, ಅವಳ ಗುಂಪೋ ಅಪರೂಪದ್ದು.

“ಆಸ್ಪತ್ರೆಯವರು ನಿಮ್ಮ ಸೈಟಲ್ಲೇ ಹಾಕಿದ್ದಾರಮ್ಮ. ಇನ್ನೂ ಒಬ್ರೂ ಬಂದಿಲ್ಲ.”

ಫೋನಿಟ್ಟು ಕಂಪ್ಯೂಟರಿನತ್ತ ತಿರುಗಿದಳು. ಪರದೆ ನೋಡಿದಳು. ನಿನ್ನೆಯ ರಕ್ತದಾನ ಶಿಬಿರದವರೆಲ್ಲ ಒಟ್ಟಿಗೇ ಮುಗಿಬಿದ್ದು ಸರ್ಟಿಫಿಕೇಟಿನ ಸರ್ವಿಸು ಮಕಾಡೆ ಮಲಗಿತ್ತು. ಮಲಗಲಿ ಬಿಡಿ, ಯಾರಪ್ಪನ ಗಂಟು ಹೋಯಿತು? ಆದರೆ ಮೆಸೇಜುಗಳೂ ನಿಂತುಬಿಟ್ಟಿದ್ದವು.

“ಹಳೇ ದೊಡ್ಡ ಪ್ರೋಗ್ರಾಮನ್ನೇ ವಾಪಸ್ ಹಾಕೋಣ ಕಣಮ್ಮ,” ಎಂದರು ಮ್ಯಾನೇಜರು. “ಒಂದು ಗಂಟೆ ಸೈಟು ಮುಚ್ಚಬೇಕಾಗುತ್ತೆ, ಅಷ್ಟೆ.”

“ಒಂದು ಗಂಟೆನಾ? ಅಲ್ಲಿರೋದು ನಮ್ಮಕ್ಕ ಸಾರ್!”

ಮ್ಯಾನೇಜರು ಕುರ್ಚಿ ಎಳೆದು ಪಕ್ಕದಲ್ಲಿ ಕೂತರು.

ಥತ್! ತಪ್ಪು ಅವಳದೇ. ಹಿಂದೊಮ್ಮೆ ದಾನಿಯೊಬ್ಬರಿಗೆ ಸರ್ಟಿಫಿಕೇಟು ತಪ್ಪಿಹೋಗಿ ದೊಡ್ಡ ರಂಪವಾಗಿತ್ತು. ಅಂದಿನಿಂದ ಮೆಸೇಜಿನ ಸರ್ವಿಸು ದಾನಿಯ ಹೆಸರನ್ನು ಮೊದಲು ಸರ್ಟಿಫಿಕೇಟಿನ ಕಿವಿಗೆ ಹಾಕಿ, ಅದು ‘ಬರ್ಕೊಂಡೆ’ ಎಂದ ಮೇಲೇ ಮೆಸೇಜು ಕಳಿಸುವಂತೆ ಇವಳೇ ಮಾಡಿಟ್ಟಿದ್ದಳು. ಕತ್ತರಿಸಿದ ಕೈಯೇ ಗಂಟು ಹಾಕಿತ್ತು. ಈಗ ಅದು ಉಸಿರೆತ್ತುತ್ತಿಲ್ಲ, ಇದು ಕೈಕಟ್ಟಿ ಕಾಯುತ್ತಿದೆ.

ಕಾಯಲು ಹೇಳುವ ಕೋಡಿನ ಸಾಲುಗಳನ್ನು ಕಿತ್ತೆಸೆದಳು. ಹೆಸರು ಬರೆದಿಟ್ಟು ನೀನು ನಡಿ, ಅದು ಎದ್ದಾಗ ನೋಡಿಕೊಳ್ಳಲಿ! ಅದೊಂದೇ ಚೂರನ್ನು ಬದಲಾಯಿಸಿದಳು. ಉಳಿದ ಸೈಟು ತನ್ನ ಪಾಡಿಗೆ ನಡೆಯುತ್ತಲೇ ಇತ್ತು. ಮೆಸೇಜುಗಳು ಸರಸರನೆ ಹೊರಟವು.

ಆಮೇಲೆ ಮಾಡಲು ಏನೂ ಉಳಿಯಲಿಲ್ಲ. ಮ್ಯಾನೇಜರು ತಂದಿಟ್ಟ ನೀರು ಹಾಗೇ ಇತ್ತು. ಹೊತ್ತು ಇಳಿಯುವಾಗ ಫೋನು ಬಡಿದುಕೊಂಡಿತು.

“ಬಂದ್ರಮ್ಮ, ಇಬ್ರು ಬಂದ್ರು! ರಕ್ತ ಕೊಟ್ಟಾಯ್ತು. ಇನ್ನು ಭಯ ಇಲ್ಲ ಅಂದ್ರು ಡಾಕ್ಟ್ರು. ನಿಮ್ಮಕ್ಕ ಆಗಲೇ ನನ್ನ ಬೈತಿದ್ದಾಳೆ.”

ಅಕ್ಕ ಬೈಯುತ್ತಿದ್ದಾಳೆ! ಅಬ್ಬಾ, ಹೋದ ಜೀವ ಬಂದಂತಾಯಿತು. ಗಟಗಟ ನೀರು ಕುಡಿದು, ನಾಚಿಕೆಯಿಲ್ಲದೆ ಎಲ್ಲರೆದುರೇ ಅತ್ತಳು. ಮ್ಯಾನೇಜರು ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು.

“ಆದ್ರೆ ಒಂದು ಪೇಚಾಟ ಕಣಮ್ಮ,” ಎಂದ ಭಾವ ದನಿ ತಗ್ಗಿಸಿ. “ದಾನಿ ಒಬ್ರು ಜಪ್ಪಯ್ಯ ಅಂದ್ರೂ ಹೋಗ್ತಿಲ್ಲ. ಸರ್ಟಿಫಿಕೇಟು ಯಾಕೆ ಬಂದಿಲ್ಲ ಅಂತ ಕೂತಿದ್ದಾರೆ.”

ಸರ್ಟಿಫಿಕೇಟಿನ ಸರ್ವಿಸು ಇನ್ನೂ ಮಲಗೇ ಇತ್ತು. ಅವಳು ಅಳುತ್ತಲೇ ನಕ್ಕಳು.

“ಕಾಫಿ ಕೊಟ್ಟು ಕೂರಿಸ್ಕೊಳ್ಳಿ ಭಾವ. ನಾನೇ ಕೈಯಾರೆ ಬರ್ಕೊಂಡು ಬರ್ತಿದ್ದೀನಿ.”