ಹೊಲಿದ ಎಲೆ

ನಾನು ಒಂದು ಬಿದಿರಿನ ಪುಟ್ಟಿ. ಮಾಲೂರಿನ ಸಂತೆಬೀದಿಯಲ್ಲಿ ಮೇದರ ಗವಿಯಮ್ಮ ನೆನೆದ ಬಿದಿರನ್ನು ಸೀಳಿ, ಎರಡು ಪಾದಗಳ ನಡುವೆ ಒತ್ತಿ ಹಿಡಿದು ನನ್ನನ್ನು ಹೆಣೆದಳು. ಸಿಬಿರು ಚುಚ್ಚಿದಾಗೆಲ್ಲ "ಹಾಳಾದ್ದೇ" ಅನ್ನುತ್ತಿದ್ದಳು. ನಾನು ಕಣ್ಣುಬಿಟ್ಟಿದ್ದೇ ಬೈಗುಳ ಕೇಳುತ್ತ.

ಕೊಂಡವಳು ಪಿಳ್ಳಮ್ಮ. ನನ್ನನ್ನು ಬಿಸಿಲಿಗೆ ಎತ್ತಿ ಹಿಡಿದು, ಸಂದಿಯಲ್ಲಿ ಬೆಳಕು ತೂರುವುದನ್ನು ನೋಡಿ, "ಸೊಪ್ಪಿಗೆ ಗಾಳಿ ಆಡಬೇಕು, ಇದೇ ಸರಿ" ಎಂದಳು.

ಅವಳ ಹಿತ್ತಲು ದೊಡ್ಡದೇನಲ್ಲ. ಒಂದು ನುಗ್ಗೆಮರ, ಬೇಲಿಯ ಮೇಲೆ ಕುಂಬಳದ ಬಳ್ಳಿ. ಉಳಿದದ್ದೆಲ್ಲ ಯಾರೂ ಬಿತ್ತದೆ ಬಂದದ್ದು: ಅಣ್ಣೆ, ಗಣಿಕೆ, ಹೊನಗೊನ್ನೆ. ಊರವರು ಅದನ್ನು ಕಳೆ ಅನ್ನುತ್ತಿದ್ದರು. ಪಿಳ್ಳಮ್ಮ ಹೆಬ್ಬೆರಳ ಉಗುರಿನಲ್ಲಿ ಕುಡಿ ಚಿವುಟಿ ನನ್ನೊಳಗೆ ಹಾಕಿದರೆ ಅದೇ ಬೆರಕೆ ಸೊಪ್ಪು. ಗಣಿಕೆಯ ಹಣ್ಣು ಕಪ್ಪಾದರೆ ಪಿಕಳಾರ ಹಕ್ಕಿಗೆ ಬಿಡುತ್ತಿದ್ದಳು. ಮುಂಗುಸಿ ಕಂಡರೆ ನಿಂತಲ್ಲೇ ನಿಂತು, ಅದು ದಾಟಿ ಹೋದ ಮೇಲೇ ಉಸಿರು ಬಿಡುತ್ತಿದ್ದಳು. ಸೊಂಟದ ಮೇಲಿದ್ದ ನಾನೂ ಜೊತೆಗೆ ಸುಮ್ಮನಿರುತ್ತಿದ್ದೆ.

ಅವಳ ಮೈದುನನಿಗೆ ಮದುವೆಯಾಗಿ ಸೊಣ್ಣಮ್ಮ ಬಂದಳು. ಪೇಟೆಯಲ್ಲಿ ಬೆಳೆದವಳು. ಮೊದಲ ದಿನ ನನ್ನ ತುಂಬ ಕಾಂಗ್ರೆಸ್ ಗಿಡ ತುಂಬಿಕೊಂಡು ಬಂದಳು.

"ಲೇ ಸೊಣ್ಣಿ, ಗಂಡನ್ನ ಒಂದೇ ಊಟಕ್ಕೆ ಮುಗಿಸ್ಬೇಕು ಅಂತಿದೀಯೇನೇ?"

"ಎಲ್ಲಾ ಹಸಿರಾಗೇ ಐತಲ್ಲಕ್ಕ!"

ವಾರಗಿತ್ತಿಯರಿಬ್ಬರೂ ಬಿದ್ದು ಬಿದ್ದು ನಕ್ಕರು. ಅಂದಿನಿಂದ ಪಿಳ್ಳಮ್ಮ ಒಂದೊಂದೇ ಎಲೆ ಮೂಸಿಸಿ, ಅಗಿಸಿ ಕಲಿಸಿದಳು. ಒಂದು ಮಾತು ಹೇಳುವಾಗ ಮಾತ್ರ ನಗಲಿಲ್ಲ. ಬೇಲಿಯಲ್ಲಿ ಹೆಬ್ಬೆರಳಷ್ಟು ಟುವ್ವಿ ಹಕ್ಕಿ ಎಲೆಯ ಅಂಚುಗಳನ್ನು ನೂಲಿನಿಂದ ಹೊಲಿದು ಗೂಡು ಕಟ್ಟುತ್ತಿತ್ತು. "ಎಲೇಲಿ ನೂಲಿನ ಗಂಟು ಕಂಡ್ರೆ ಕೈ ಹಿಂದಕ್ಕೆ ತಗೊ. ಒಳಗೆ ಬಾಣಂತಿ ಅವಳೆ."

ಹೀಗೇ ವರ್ಷಗಳು ಕಳೆದವು. ನನ್ನ ಅಂಚು ಎರಡು ಸಲ ಬಿಚ್ಚಿತು, ಎರಡು ಸಲ ತಂತಿ ಬಿಗಿದರು. ಪಿಳ್ಳಮ್ಮನಿಗೆ ಸಕ್ಕರೆ ಕಾಯಿಲೆ ಬಂದು ಕಣ್ಣು ಮಂಜಾಯಿತು. ಬೆರಳ ತುದಿಗಳೂ ಜೋಮು ಹಿಡಿದವು. ಆದರೂ ಬೆಳಗಾದರೆ ನಾನು ಅವಳ ಸೊಂಟದ ಮೇಲೇ. "ಈ ಮನೆ ಸೊಪ್ಪು ನನ್ನ ಕೈಯಿಂದಲೇ" ಅನ್ನುವುದು ಅವಳ ಹೆಮ್ಮೆ. ಗಣಿಕೆಯ ಜೊತೆ ಉಮ್ಮತ್ತಿಯ ವಿಷದ ಎಲೆ ಬರತೊಡಗಿತು. ಸೊಣ್ಣಮ್ಮ ಅಡುಗೆಮನೆಯಲ್ಲಿ ಅದನ್ನು ಆರಿಸಿ ಎಸೆಯುತ್ತಿದ್ದಳು. ಬಾಯಿಬಿಟ್ಟು ಒಂದು ಮಾತು ಹೇಳಲಿಲ್ಲ. ಊಟಕ್ಕೆ ಕೂತಾಗ, "ಅಕ್ಕನ ಕೈ ಸೊಪ್ಪು ಅಂದ್ರೆ ಸೊಪ್ಪು" ಅನ್ನುತ್ತಿದ್ದಳು.

ಆ ದಿನ ಪಿಳ್ಳಮ್ಮ ಬೇಲಿಯ ಕುಂಬಳದ ಕುಡಿ ಚಿವುಟುತ್ತಿದ್ದಳು. ಒಂದು ಎಲೆ ಉಳಿದವಕ್ಕಿಂತ ಭಾರವಾಗಿ ನನ್ನೊಳಗೆ ಬಿತ್ತು. ಅಂಚಿನಲ್ಲಿ ನೂಲಿನ ಗಂಟು. ಒಳಗೆ ಬೆಚ್ಚಗೆ ಏನೋ ಮಿಡಿಯುತ್ತಿತ್ತು. ಅದರ ಮೇಲೆ ಸೊಪ್ಪು ಬಿತ್ತು, ಮತ್ತೆ ಸೊಪ್ಪು ಬಿತ್ತು. ನನಗೆ ಇಷ್ಟಗಲ ಬಾಯಿದ್ದರೂ ಕೂಗಲು ಬರಲಿಲ್ಲ. ಅಡುಗೆಮನೆಗೆ ಬರುವಷ್ಟರಲ್ಲಿ ಮಿಡಿತ ನಿಂತಿತ್ತು.

ಸೊಣ್ಣಮ್ಮ ಸೊಪ್ಪು ಸರಿಸಿದಳು. ಪುಕ್ಕವೂ ಬಾರದ ಎರಡು ಮರಿ. ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ಕೂತಳು. ಆಮೇಲೆ ಅವನ್ನು ನುಗ್ಗೆಮರದ ಬುಡದಲ್ಲಿ ಮುಚ್ಚಿ ಬಂದು ಒಲೆ ಹಚ್ಚಿದಳು.

ಮಾರನೆಯ ದಿನ ಬೆಳಗಿನಿಂದ ತಾಯಿಹಕ್ಕಿ ಬೇಲಿಯ ಮೇಲೆ ಒಂದೇ ಸಮ ಕಿರುಚುತ್ತಿತ್ತು. ಪಿಳ್ಳಮ್ಮನ ಕಿವಿ ಚುರುಕು.

"ಅದ್ಯಾಕೆ ಹಂಗೆ ಬಡ್ಕೊಂತೈತೆ ಸೊಣ್ಣಿ?"

"ಗೂಡು ಹೋಗೈತಕ್ಕ. ಯಾರೋ ಬೀದಿ ಹುಡುಗ್ರು ಎಲೆ ಕಿತ್ತವ್ರೆ."

ಪಿಳ್ಳಮ್ಮನಿಗೆ ಸಿಟ್ಟು ನೆತ್ತಿಗೇರಿತು. "ಕಿತ್ತ ಕೈ ಸೇದೋಗ!"

"ಅಯ್ಯೋ, ಬಿಡ್ತು ಅನ್ನಕ್ಕ!" ಸೊಣ್ಣಮ್ಮ ಓಡಿಬಂದು ಅವಳ ಎರಡೂ ಕೈ ಹಿಡಿದುಕೊಂಡಳು. "ಬಿಡ್ತು ಅನ್ನು, ನಿನ್ನ ದಮ್ಮಯ್ಯ, ಬಿಡ್ತು ಅನ್ನು!"

ಬೀದಿ ಹುಡುಗರ ಕೈಗಾಗಿ ಯಾರು ಹೀಗೆ ಗೋಗರೆಯುತ್ತಾರೆ? ಪಿಳ್ಳಮ್ಮ ತನ್ನ ಬಲಗೈಯನ್ನು ಕಣ್ಣಿನ ಹತ್ತಿರ, ತೀರಾ ಹತ್ತಿರ ತಂದು ನೋಡಿಕೊಂಡಳು.

"ಸೊಪ್ಪಿನಾಗೂ ತಪ್ಪು ಮಾಡ್ತಿದ್ನೇನೇ?"

ಸೊಣ್ಣಮ್ಮ ಆ ಕೈಯನ್ನು ಎಳೆದು ತನ್ನ ಕೆನ್ನೆಗೆ ಒತ್ತಿಕೊಂಡಳು.

"ಎಷ್ಟು ದಿನದಿಂದ?"

"ಹೋದ ಯುಗಾದಿಯಿಂದ."

ಬಿಡ್ತು ಅನ್ನುವ ಮಾತು ಪಿಳ್ಳಮ್ಮನ ಬಾಯಿಂದ ಬರಲೇ ಇಲ್ಲ. ನನ್ನನ್ನು ತಡಕಿ ಎತ್ತಿ ಸೊಣ್ಣಮ್ಮನ ಮಡಿಲಿಗೆ ಇಟ್ಟಳು. ಸೊಣ್ಣಮ್ಮ ನನ್ನನ್ನು ಹಿತ್ತಲಿಗೆ ಒಯ್ಯಲಾರದೆ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದಳು. ಸೊಪ್ಪನ್ನು ಸೆರಗಿನಲ್ಲೇ ಕಟ್ಟಿ ತರುತ್ತಾಳೆ. ನನ್ನ ತಳ ಸಡಿಲವಾಗಿದೆ, ಗೆದ್ದಲೂ ಹಿಡಿದಿದೆ. ಯಾವುದೂ ಕೆಳಗೆ ಬೀಳದಂತೆ ಹಿಡಿಯಲೆಂದೇ ನನ್ನನ್ನು ಹೆಣೆದದ್ದು. ಆ ಒಂದು ದಿನವಾದರೂ ನನ್ನಲ್ಲಿ ತೂತಿರಬಾರದಿತ್ತೇ ಎಂದುಕೊಳ್ಳುತ್ತೇನೆ.

ಈ ವರ್ಷ ಮಳೆ ಬಿದ್ದ ಮೇಲೆ ಸೊಣ್ಣಮ್ಮ ಹಿತ್ತಲಿನಿಂದ ಓಡಿಬಂದಳು. "ಅಕ್ಕಾ, ಹಕ್ಕಿ ಬಂದೈತೆ! ಮತ್ತೆ ಎಲೆ ಹೊಲೀತೈತೆ!"

ಹೊಸಿಲ ಮೇಲೆ ಕೂತಿದ್ದ ಪಿಳ್ಳಮ್ಮನ ಮುಖ ಒಂದು ಗಳಿಗೆ ಅರಳಿತು. ಮರುಗಳಿಗೆ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಯಾವ ಎಲೆ ಅಂತ ನಂಗೆ ಹೇಳ್ಬೇಡ ಕಣೆ" ಎಂದಳು.