ಉತ್ತರ ಗೋಡೆಯ ಬಿಳಿ ಕಲ್ಲು

ಈಗಲಾದರೂ ಹೇಳಿಬಿಡಲೇ? ಗೇಟಿನ ತಂತಿ ಬಿಚ್ಚುತ್ತಾ ಕೋಲ್ಮನ್ ಯೋಚಿಸಿದ. ಬೇಡ, ಹಳೇ ಚರ್ಚಿನ ದಾರಿಯಲ್ಲಿರುವ ಗೋಪುರದವರೆಗೆ ಹೋಗೋಣ. ಅಲ್ಲಿ ಹೇಳಿದರಾಯಿತು.

"ಆ ತಂತಿ ಜೊತೆ ಸಂಸಾರ ಮಾಡ್ತೀಯೇನು?" ಹಿಂದಿನಿಂದ ಹೆಂಡತಿ ಡೀಲಿಯಾ ಕೇಳಿದಳು. "ಬೇಗ ಬಿಚ್ಚೋ ಮಾರಾಯ, ನಿಲ್ಲೋಕಾಗ್ತಿಲ್ಲ."

ಮದುವೆಯಾದ ಮರುವರ್ಷ ಅವರಿಗೆ ಹುಟ್ಟಿದ ಹೆಣ್ಣುಮಗು ಉಸಿರಾಡಲೇ ಇಲ್ಲ. ದೀಕ್ಷಾಸ್ನಾನವಾಗದ ಕೂಸಿಗೆ ಊರಿನ ಸ್ಮಶಾನದಲ್ಲಿ ಜಾಗವಿರಲಿಲ್ಲ. ಅಂಥವನ್ನು ತಂದೆಯೊಬ್ಬನೇ ಈ ಸೂರಿಲ್ಲದ ಹಳೇ ಚರ್ಚಿಗೆ ತಂದು, ಉತ್ತರ ಗೋಡೆಯ ಬುಡದಲ್ಲಿ ಹೂಳಬೇಕು. ಹೆಸರಿಲ್ಲ, ಪ್ರಾರ್ಥನೆಯಿಲ್ಲ, ಗುರುತಿಗೊಂದು ಬಿಳಿ ಕಲ್ಲು. ತಾಯಂದಿರು ಕೇಳುವ ಪದ್ಧತಿಯೂ ಇರಲಿಲ್ಲ. ಇಷ್ಟು ವರ್ಷಗಳ ಮೇಲೆ, ಗಾಲ್ವೇ ಪಟ್ಟಣದ ವೈದ್ಯರು ಅವಳ ಕಾಯಿಲೆಗೆ ಇನ್ನೇನೂ ಮಾಡುವಂತಿಲ್ಲವೆಂದು ಮನೆಗೆ ಕಳಿಸಿದ ಮೇಲಷ್ಟೇ ಡೀಲಿಯಾ ಬಾಯಿಬಿಟ್ಟಿದ್ದಳು: "ಅವಳನ್ನ ಎಲ್ಲಿಟ್ಟೆ, ಕೋಲ್ಮನ್?"

ಚರ್ಚಿಗಿಂತ ಈಚೆ, ಪಾಳುಬಿದ್ದ ಕೋಟೆಮನೆಯ ಗೋಪುರದ ಬಾಗಿಲಲ್ಲಿ ದನಗಳು ನಿಂತಿದ್ದವು. ಒಳಗೆ ಸುರುಳಿ ಮೆಟ್ಟಿಲ ಬುಡದವರೆಗೂ ಸಗಣಿಯ ಕೆಸರು. ಕೋಲ್ಮನ್ ಮುಖ ತಿರುಗಿಸಿದ.

ಅಂದು ಕೂಸಿನ ಪೆಟ್ಟಿಗೆ ಎದೆಗವಚಿಕೊಂಡು ಬಂದಾಗ ಉತ್ತರ ಗೋಡೆಯ ಬಳಿ ಪಕ್ಕದ ಮನೆಯ ಫೆಸ್ಟಿ ಅಗೆಯುತ್ತಿದ್ದ. ಅವನ ಬದಿಯಲ್ಲೂ ಒಂದು ಪೆಟ್ಟಿಗೆ. ಆ ಕೆಲಸದಲ್ಲಿರುವವನನ್ನು ಯಾರೂ ನೋಡಬಾರದು. ಇಬ್ಬರೂ ಕಂಡೂ ಕಾಣದವರಾದರು. ಅವನು ಮುಗಿಸುವವರೆಗೆ ಕಾಯುವ ಧೈರ್ಯ ಕೋಲ್ಮನ್‌ಗೆ ಸಾಲಲಿಲ್ಲ. ಗೋಪುರದೊಳಗೆ ನುಗ್ಗಿ, ಮೆಟ್ಟಿಲ ಬುಡದಲ್ಲಿ ಹೂತು, ಕಲ್ಲನ್ನೂ ಇಡದೆ ಓಡಿಹೋಗಿದ್ದ.

"ಯಾವುದು?" ಚರ್ಚಿನ ಗೋಡೆ ಹಿಡಿದು ಡೀಲಿಯಾ ಕೇಳಿದಳು.

ಅವನ ಕೈ ತಾನಾಗಿ ಎದ್ದು ಫೆಸ್ಟಿ ಅಂದು ಇಟ್ಟಿದ್ದ ಕಲ್ಲನ್ನು ತೋರಿಸಿತು.

ಅವಳು ಹುಲ್ಲಿನಲ್ಲಿ ಕುಸಿದು ಕುಳಿತು ಕೋಟಿನ ತೋಳಿನಿಂದ ಪಾಚಿ ಒರೆಸಿದಳು. "ಗಾಳಿ ಬೀಸದ ಜಾಗ ನೋಡಿದ್ದೀಯ. ಎಲ್ಲೋ ಕೊಚ್ಚೇಲಿ ಹಾಕಿ ಬಂದಿದ್ದಾನೆ, ಅದಕ್ಕೇ ಈ ಮೂಗಬಸವ ಬಾಯಿ ಬಿಡಲ್ಲ ಅಂದ್ಕೊಂಡಿದ್ದೆ." ನಕ್ಕಳು. ಆಮೇಲೆ ನಗಲಿಲ್ಲ. "ನನ್ನನ್ನೂ ಇಲ್ಲೇ ಇಡು. ಇವಳ ಪಕ್ಕ. ಮಾತು ಕೊಡು."

"ಆಯ್ತು."

ಚಳಿಗಾಲ ಮುಗಿಯುವ ಮುನ್ನ ನೆರೆಯವರು ಡೀಲಿಯಾಳಿಗೆ ಗುಂಡಿ ತೋಡಲು ಬಂದರು. ಮುದಿ ಫೆಸ್ಟಿಯೂ ಬಂದಿದ್ದ. ಬಿಳಿ ಕಲ್ಲನ್ನು ನೋಡಿ ಗುದ್ದಲಿ ಕೆಳಗಿಟ್ಟ.

"ಸ್ವಲ್ಪ ಆಚೆ ತೋಡೋಣ್ವಾ, ಕೋಲ್ಮನ್?"

"ಇಲ್ಲ. ಇಲ್ಲೇ. ಅವಳು ಹೇಳಿದ್ದು ಇಲ್ಲೇ."

ಫೆಸ್ಟಿ ಟೋಪಿ ತೆಗೆದು ಮತ್ತೆ ಹಾಕಿಕೊಂಡು ಅಗೆಯತೊಡಗಿದ.

ಅದು ನಿನ್ನ ಮಗು, ನಮ್ಮದು ದನಗಳ ಕಾಲಡಿ ಇದೆ ಎಂದು ಕೋಲ್ಮನ್ ಅವನಿಗೂ ಹೇಳಲಿಲ್ಲ. ಡೀಲಿಯಾಳಿಗೂ ಹೇಳಿರಲಿಲ್ಲ.