ಉಪ್ಪು, ಸೋಡಾ

"ಪೋದುಂ, ಸಾಕು," ಎಂದು ನಂಜಪ್ಪನ್ ಬಾಯಲ್ಲಿದ್ದ ನೀರನ್ನು ಹಿತ್ತಿಲ ಮೋರಿಗೆ ಉಗಿದ. ಡಂಬ್ಲರನ್ನು ಹೆಂಡತಿಯ ಕೈಗೆ ಕೊಡದೆ ಒಗೆಯುವ ಕಲ್ಲಿನ ಮೇಲೆ ಕುಕ್ಕಿದ. ಎರಡೂ ಕಣ್ಣಲ್ಲಿ ನೀರು ತುಂಬಿ ನಿಂತಿತ್ತು.

"ಇನ್ನೂ ಅರ್ಧ ಹಂಗೇ ಅದೆಯಲ್ಲುಂಗ. ಒಂದೇ ಒಂದು ಸಲ," ಎಂದಳು ಪೆರಿಯನಾಯಕಿ.

"ನೀನೇ ಹಾಕ್ಕೋ ನಿನ್ನ ಬಾಯಿಗೆ." ಮಾತು ಅವನ ತುಟಿಗಳ ನಡುವಿನಿಂದ ತುಂಡುತುಂಡಾಗಿ ಬಂತು. "ತಿಂಗಕಿಳಮೆ ಆಸ್ಪತ್ರೆಗೆ ನಾನು ಬರಲ್ಲ. ಕರೆಂಟೂ ಬೇಡ, ಬಾಯಲ್ಲಿ ನೀರು ಕೊಪ್ಪಳಿಸೋದೂ ಬೇಡ. ಮೂಗಿಗೆ ಹೋಸ್ ಹಾಕ್ಕೊಂಡು ಕೂರಕ್ಕೆ ನಾನೇನು ಪಟ್ಟರೆ ಮೋಟಾರಾ?"

ಅವನು ಒಳಗೆ ಹೋಗಿ ಕಯಿತ್ತುಕಟ್ಟಿಲಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಹಗ್ಗದ ಮಂಚ ಕಿರುಗುಟ್ಟಿದ್ದು ಹಿತ್ತಿಲಿಗೂ ಕೇಳಿಸಿತು.

ಅಂದು ಶನಿವಾರ, ತಿಂಗಕಿಳಮೆಗೆ, ಅಂದರೆ ಸೋಮವಾರಕ್ಕೆ, ಇನ್ನೆರಡು ದಿನವಿತ್ತು. ತುಡಿಯಲೂರಿನ ಆ ಬೀದಿಯ ಗಂಡಸರೆಲ್ಲ ತಲೆಗೆ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ನಿಂತಿದ್ದರು. ನಂಜಪ್ಪನ್‌ಗೆ ಶನಿವಾರದ ಎಣ್ಣೆಸ್ನಾನ ತಪ್ಪಿ ಒಂದು ತಿಂಗಳಾಗುತ್ತ ಬಂದಿತ್ತು. ಎಡಗೆನ್ನೆಯ ಒಳಗಿನ ಕ್ಯಾನ್ಸರ್ ಗಂಟಿಗೆ ಕೊಯಮತ್ತೂರಿನ ಆಸ್ಪತ್ರೆಯಲ್ಲಿ ವಾರಕ್ಕೆ ಐದು ದಿನ ಕರೆಂಟ್, ಅಂದರೆ ರೇಡಿಯೇಷನ್, ಮಡಗುತ್ತಿದ್ದರು. ಯಂತ್ರ ಎಲ್ಲಿಗೆ ಹಾಯಬೇಕು ಎಂದು ತಿಳಿಯಲು ಕೆನ್ನೆಯ ಮೇಲೆ ನೇರಳೆ ಬಣ್ಣದ ಗೆರೆ ಎಳೆದಿದ್ದರು. ಅದರ ಮೇಲೆ ನೀರು ಬೀಳಬಾರದು. "ಸೋಡಾ ಹಾಕದ ಬಣ್ಣ ಇದು, ಒಂದು ಒಗೆತಕ್ಕೂ ತಾಳಲ್ಲ," ಎಂದು ಮೊದಲ ದಿನ ಅವನು ಬಸ್ಸಿನಲ್ಲಿ ನಕ್ಕಿದ್ದ. ಆಗ ನಗಲು ಆಗುತ್ತಿತ್ತು.

ನೂಲಿಗೆ ಬಣ್ಣ ಹಾಕುವ ಗೋವಿಂದಸಾಮಿಯ ಚಾಯಪಟ್ಟರೆಯಲ್ಲಿ ಅವನದು ಮೂವತ್ತು ವರ್ಷದ ಕೆಲಸ. ತೊಟ್ಟಿಗೆ ಬಣ್ಣ ಬಿದ್ದ ಮೇಲೆ ಉಪ್ಪು ಬೀಳಬೇಕು, ಅದು ಬಣ್ಣವನ್ನು ನೂಲಿಗೆ ಹತ್ತಿಸುತ್ತದೆ. ಆಮೇಲೆ ಸೋಡಾ, ಹತ್ತಿದ ಬಣ್ಣ ಬಿಡದ ಹಾಗೆ ಕಟ್ಟುವುದು ಅದು. ಎಷ್ಟು ಸಾಕು ಎಂದು ಹೇಳುವುದು ನಂಜಪ್ಪನ್‌ನ ನಾಲಿಗೆ. ಒಂದು ಹನಿ ತಾಗಿಸಿ, ಉಗಿದು, "ಇನ್ನೊಂದು ಹಿಡಿ" ಎನ್ನುತ್ತಿದ್ದ. ಅಲ್ಲಿಯವರೆಗೆ ಮುದಲಾಳಿ ಗೋವಿಂದಸಾಮಿಯೇ ಸೋಡಾದ ಬೋಸಿ ಹಿಡಿದು ಬಾಯಿ ಮುಚ್ಚಿ ನಿಂತಿರಬೇಕು. ಮನೆಯಲ್ಲೂ ಅದೇ ಪದ್ಧತಿ. ಪೆರಿಯನಾಯಕಿ ಅಡಿಗೆಯನ್ನು ಎಂದೂ ರುಚಿ ನೋಡಿದವಳಲ್ಲ. ಬಡಿಸಿ ನಿಲ್ಲುತ್ತಿದ್ದಳು, ಅವನು ಮೊದಲ ತುತ್ತು ನುಂಗಿ ಹೇಳುತ್ತಿದ್ದ.

ಎರಡನೆಯ ವಾರ ಕಳೆಯುವಷ್ಟರಲ್ಲಿ ಸಾಂಬಾರು ಮಣ್ಣಿನಂತೆ ಅದೆ ಎಂದ. ಮೂರನೆಯ ವಾರ ಬಾಯಲ್ಲಿ ಹುಣ್ಣೆದ್ದವು. ಇದೆಲ್ಲ ಕರೆಂಟಿನ ಗುಣ, ಹೆದರಬೇಡಿ ಎಂದು ನರ್ಸ್ ಚಂದ್ರಾ ಸೋಮವಾರ ತಮಿಳಿನಲ್ಲಿ ಹೇಳಿಕೊಟ್ಟಿದ್ದಳು: "ಅರೈ ಸ್ಪೂನ್ ಉಪ್ಪು, ಅರೈ ಸ್ಪೂನ್ ಸೋಡಾ, ಒರು ಡಂಬ್ಲರ್ ತಣ್ಣಿ. ದಿನಕ್ಕೆ ಆರು ಸಲ ಕೊಪ್ಪಳಿಸಬೇಕು." ಒಂದು ಲೋಟ ನೀರಿಗೆ ಅರ್ಧರ್ಧ ಚಮಚ, ಪೆರಿಯನಾಯಕಿಗೆ ಅದನ್ನು ಎರಡನೆಯ ಸಲ ಕೇಳುವ ಅಗತ್ಯವೇ ಬೀಳಲಿಲ್ಲ. ಉಪ್ಪು, ಸೋಡಾ. ಮೂವತ್ತು ವರ್ಷದಿಂದ ಗಂಡನ ಬಾಯಲ್ಲಿ ಕೇಳಿದ ಜೋಡಿ. ಅವನ ಕಲೆಬಿದ್ದ ವೇಷ್ಟಿಗಳನ್ನು ಒಗೆಯಲು ಪಟ್ಟರೆಯಿಂದ ತಂದ ಸೋಡಾ ಒಂದು ಡಬ್ಬಿಯಲ್ಲಿ ಯಾವಾಗಲೂ ಇರುತ್ತಿತ್ತು.

ಮಂಗಳವಾರದಿಂದ ಶುರು ಮಾಡಿದಳು. ಶುಕ್ರವಾರ ಡಾಕ್ಟರು ಬಾಯಿ ನೋಡಿ ಹುಬ್ಬು ಗಂಟಿಕ್ಕಿದರು. ತೂಕ ಐವತ್ತೆರಡರಿಂದ ನಲವತ್ತೇಳಕ್ಕೆ ಇಳಿದಿತ್ತು. ಇನ್ನೂ ಇಳಿದರೆ ಮೂಗಿನಿಂದ ಟ್ಯೂಬ್ ಹಾಕಿ ಗಂಜಿ ಕೊಡಬೇಕಾಗುತ್ತದೆ ಎಂದರು. ಮೂವತ್ತು ಸಲ ಕರೆಂಟ್ ಎಂದು ಗೊತ್ತುಮಾಡಿದ್ದರಲ್ಲಿ ಹದಿನೆಂಟು ಮುಗಿದಿದೆ, ನಡುವೆ ಬಿಟ್ಟರೆ ಆದದ್ದೂ ನೀರುಪಾಲು ಎಂದೂ ಹೇಳಿದರು. ಹೊರಗೆ ಚಂದ್ರಾ, "ಸರಿಯಾಗಿ ಕೊಪ್ಪಳಿಸ್ತಾರೇನಮ್ಮಾ?" ಎಂದು ಕೇಳಿದ್ದಳು. ಆರು ಸಲ ತಪ್ಪದೆ ಎಂದು ಪೆರಿಯನಾಯಕಿ ಹೆಮ್ಮೆಯಿಂದ ಹೇಳಿ, ಅಂದು ಸಂಜೆಯಿಂದ ಎಂಟು ಸಲ ಮಾಡಿದ್ದಳು.

ಈಗ ಅವಳು ಕಲ್ಲಿನ ಮೇಲಿನ ಡಂಬ್ಲರನ್ನು ಎತ್ತಿ, ಉಳಿದದ್ದನ್ನು ಚೆಲ್ಲಲು ಬಗ್ಗಿಸಿದಳು. ನೀರು ಬೆರಳುಗಳ ಮೇಲೆ ಹರಿಯಿತು. ಬೆರಳುಗಳು ಒಂದರ ಮೇಲೊಂದು ಜಾರಿದವು, ಸೋಪು ಹಚ್ಚಿದ ಹಾಗೆ. ವೇಷ್ಟಿ ಒಗೆಯುವಾಗಿನ ಅದೇ ಜಾರು. ಅವಳು ಚೆಲ್ಲುವುದನ್ನು ನಿಲ್ಲಿಸಿದಳು. ನೀನೇ ಹಾಕ್ಕೋ ಎಂದಿದ್ದನಲ್ಲ. ಡಂಬ್ಲರನ್ನು ತುಟಿಗಿಟ್ಟು ಒಂದು ಗುಟುಕು ಬಾಯಿಗೆ ತುಂಬಿಕೊಂಡಳು.

ಹುಣ್ಣಿಲ್ಲದ ಬಾಯಿಯೇ ಚುರುಗುಟ್ಟಿತು. ಉಗಿದ ಮೇಲೂ ನಾಲಿಗೆ ಸುಣ್ಣ ಜಾಸ್ತಿಯಾದ ವೀಳ್ಯ ಅಗಿದಂತೆ ಒರಟಾಗಿ ಉಳಿಯಿತು.

ಮುಖ ತೊಳೆದು, ಸೆರಗು ಸರಿಮಾಡಿಕೊಂಡು, ಬೀದಿಯ ತುದಿಯ ಬೆಳ್ಳಿಯಪ್ಪನ ಅಂಗಡಿಗೆ ಹೋದಳು. ಅವನು ತಮ್ಮ ಕಡೆಯವನೇ, ಮನೆಮಾತಾದ ಕನ್ನಡದಲ್ಲೇ ಮಾತಾಡುವವನು.

"ಬೆಳ್ಳಿಯಪ್ಪಾ, ಬಾಯಿ ಕೊಪ್ಪಳಿಸಕ್ಕೆ ಸೋಡಾ ಅಂದ್ರೆ ಯಾವ ಸೋಡಾ?"

"ಗೋಲಿ ಸೋಡಾ ಕೊಡ್ಲಾ ಅಕ್ಕಾ? ಕೊಪ್ಪಳಿಸಿ ಮಿಕ್ಕಿದ್ದು ಕುಡೀಬೋದು." ಅವಳ ಮುಖ ನೋಡಿ ಅವನು ನಗು ನಿಲ್ಲಿಸಿದ. "ಆಪ್ಪಸೋಡಾ ಅಕ್ಕಾ, ಇಡ್ಲಿ ಹಿಟ್ಟಿಗೆ ಹಾಕೋದು. ಬಾಯಿಗೆ ಬೇರೆ ಯಾವ ಸೋಡಾ ಹಾಕ್ತಾರೆ, ಒಗೆಯೋದಾ?"

ಅವಳು ಪೊಟ್ಟಣ ತೆಗೆದುಕೊಂಡಳು.

ದಾರಿಯುದ್ದಕ್ಕೂ ಒಂದೇ ಯೋಚನೆ. ಹೇಳದೆ ಸೋಡಾ ಬದಲಾಯಿಸಿಬಿಡಬಹುದು, ಯಾರಿಗೂ ತಿಳಿಯುವುದಿಲ್ಲ. ಆದರೆ ಅವನು ಇನ್ನು ಬಾಯಿ ತೆರೆದರೆ ತಾನೆ? ಈ ಉರಿಯೆಲ್ಲ ಕರೆಂಟಿನದೇ ಎಂದುಕೊಂಡು ಅವನು ಸೋಮವಾರ ಗೋಡೆಯ ಕಡೆ ತಿರುಗಿ ಮಲಗಿದರೆ, ಎತ್ತಿ ಬಸ್ಸಿಗೆ ಹತ್ತಿಸುವ ಶಕ್ತಿ ಅವಳಿಗಿರಲಿಲ್ಲ.

ಮಂಚದ ಕಾಲಿನ ಬಳಿ ನೆಲದ ಮೇಲೆ ಕೂತು ಡಬ್ಬಿಯನ್ನೂ ಪೊಟ್ಟಣವನ್ನೂ ಪಕ್ಕಪಕ್ಕ ಇಟ್ಟಳು.

"ಏನುಂಗ, ಈ ಕಡೆ ತಿರುಗಿ. ಚಂದ್ರಾ ಹೇಳಿದ್ದು ಇದು. ನಾನು ಹಾಕಿದ್ದು ಅದು."

ಅವನು ತಿರುಗಿ ಡಬ್ಬಿಯನ್ನು ನೋಡಿದ. ಎದ್ದು ಕೂತ. ಮುಚ್ಚಳ ತೆಗೆದು, ಒಂದು ಚಿಟಿಕೆ ಬೆರಳ ನಡುವೆ ಉಜ್ಜಿದ. ಬಯ್ಗುಳಕ್ಕೆ ಕಾದು ಅವಳು ತಲೆ ತಗ್ಗಿಸಿದಳು.

"ಎಷ್ಟು ಹಾಕ್ದೆ?"

"ಅರ ಸ್ಪೂನ್."

"ಒಂದು ಡಂಬ್ಲರಿಗಾ?" ಅವನು ಮನಸ್ಸಿನಲ್ಲೇ ಏನೋ ಅಳೆದ. "ಏ ಪುಳ್ಳೆ, ಆ ಅಳತೆಗೆ ಗಾಢ ಕೆಂಪೇ ನಿಂತ್ಕೊಂಡ್ಬಿಡ್ತದೆ. ಸರಿಯಾದ ಅಳತೆ." ನಗಲು ಹೋಗಿ ಕೆನ್ನೆ ಹಿಡಿದುಕೊಂಡ. ಆಮೇಲೆ ಡಬ್ಬಿಯನ್ನು ದೂರ ಸರಿಸಿ, "ನನಗೆ ಗೊತ್ತಾಗಿಲ್ಲ," ಎಂದ. "ಐದು ದಿನ ಬಾಯಲ್ಲಿ ಮಡಗಿದ್ದೆ. ನನಗೇ ಗೊತ್ತಾಗಿಲ್ಲ."

ಬಯ್ದಿದ್ದರೆ ಅವಳು ತಾಳುತ್ತಿದ್ದಳು.

"ಕೆಲವು ತಿಂಗಳಿಗೆ ರುಚಿ ವಾಪಸ್ ಬತ್ತದಂತೆ. ಚಂದ್ರಾ ಹೇಳವ್ಳೆ."

"ಎಲ್ಲಾನಾ?"

"ಎಲ್ಲಾ ಅಂತ ಹೇಳಿಲ್ಲ." ಸುಳ್ಳು ಹೇಳಲು ಅವಳಿಗೆ ಆಗಲಿಲ್ಲ. "ಹುಣ್ಣೂ ಪೂರ್ತಿ ಸೋಡಾದ್ದೇ ಅಂತ ನಾನು ಹೇಳಲ್ಲ, ಕರೆಂಟಿಂದೂ ಅದೆ. ಆದ್ರೆ ಅರ್ಧಕ್ಕೆ ಎತ್ತಿದ ನೂಲು ತೊಟ್ಟಿಗೂ ಇಲ್ಲ ಮಗ್ಗಕ್ಕೂ ಇಲ್ಲ ಅಂತ ಹೇಳೋರು ಯಾರುಂಗ? ನೀವು ತಾನೆ?"

ಅವನು ಆರಿದ ಗಂಜಿಯನ್ನು ಅರ್ಧ ಲೋಟ ಕುಡಿಯಲು ಅಂದು ಮಧ್ಯಾಹ್ನ ಮುಕ್ಕಾಲು ಗಂಟೆ ತೆಗೆದುಕೊಂಡ. ಭಾನುವಾರ ಒಂದು ಲೋಟ ಕುಡಿದ.

ಸೋಮವಾರ ಬೆಳಿಗ್ಗೆ ಏಳೂವರೆಗೆ ಇಬ್ಬರೂ ಬಸ್ ಸ್ಟಾಪಿನಲ್ಲಿ ನಿಂತಿದ್ದರು. ಅವನು ನೇರಳೆ ಗೆರೆಗೆ ತಾಗದಂತೆ ತುಂಡುಬಟ್ಟೆಯನ್ನು ಸಡಿಲವಾಗಿ ತಲೆಗೆ ಸುತ್ತಿಕೊಂಡಿದ್ದ. ಗಾಂಧಿಪುರದ ಬಸ್ಸು ಇನ್ನೂ ಬಂದಿರಲಿಲ್ಲ. ಮಿಲ್ಲಿಗೆ ಹೋಗುವ ಹೆಂಗಸರು ಪಕ್ಕದಲ್ಲಿ ಗುಂಪಾಗಿ ಮಾತಾಡಿಕೊಳ್ಳುತ್ತಿದ್ದರು.

ಅವನು ಬಾಯಿ ಒಣಗಿತು ಎಂದು ಸನ್ನೆ ಮಾಡಿದ. ಪೆರಿಯನಾಯಕಿ ಚೀಲದಿಂದ ಹಾರ್ಲಿಕ್ಸ್ ಬಾಟಲಿ ತೆಗೆದಳು. ಬೆಳಿಗ್ಗೆ ಉಪ್ಪು, ಆಪ್ಪಸೋಡಾ ಕಲಸಿ ತುಂಬಿದ ನೀರು. ಮುಚ್ಚಳ ತಿರುಗಿಸಿ, ಬಾಟಲಿಯನ್ನು ತನ್ನ ತುಟಿಗೇ ಇಟ್ಟು ಬಾಯಿ ತುಂಬಿಕೊಂಡಳು. ಹೆಂಗಸರಲ್ಲಿ ಒಬ್ಬಳು ಮಾತು ನಿಲ್ಲಿಸಿ ನೋಡಿದಳು. ಮೂವತ್ತೈದು ವರ್ಷದ ಸಂಸಾರದಲ್ಲಿ ಅವಳು ಎಂಜಲು ಮಾಡಿದ್ದನ್ನು ಅವನು ಮುಟ್ಟಿದವನಲ್ಲ.

ನಂಜಪ್ಪನ್ ಕೈ ಚಾಚಿದ. ಬಾಟಲಿಯನ್ನು ಕಸಿದುಕೊಳ್ಳಲಿಲ್ಲ, ಕೈ ಹಿಂದಕ್ಕೂ ತೆಗೆಯಲಿಲ್ಲ. ಅವಳು ನೀರನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ನಿಧಾನವಾಗಿ ಆಡಿಸುವುದನ್ನೇ ನೋಡುತ್ತ, ಬಾಯಿ ಮುಚ್ಚಿ ನಿಂತಿದ್ದ.

ಅವಳು ರಸ್ತೆಯ ಅಂಚಿನ ಮಣ್ಣಿಗೆ ಉಗಿದಳು.

"ಉಪ್ಪು ಒಂದು ಚೂರು ಜಾಸ್ತಿ," ಎಂದಳು. "ಪರವಾಯಿಲ್ಲ."